ಚಿಕ್ಕಮ್ಮನ ಫೋನಿಗೆ ಬರುತ್ತಿದ್ದ ಸುಳ್ಳು ಮೆಸೇಜುಗಳು

ಆಫೀಸಿನಲ್ಲಿ ಅವಳಿಗೆ ಅನುಮಾನದಕ್ಕ ಅಂತಲೇ ಹೆಸರು. ಕೆಲಸವೂ ಹೆಸರಿಗೆ ತಕ್ಕದ್ದೇ. ಒಂದು ಬ್ಯಾಂಕಿನ ಕಾರ್ಡುಗಳನ್ನು ಚಾಲೂ ಮಾಡುವ, ಮಿತಿ ಏರಿಸುವ, ಕಳೆದುಹೋದರೆ ಬಂದ್ ಮಾಡುವ ಎಪಿಐ, ಅಂದರೆ ಒಂದು ಕಂಪ್ಯೂಟರು ಇನ್ನೊಂದಕ್ಕೆ ಆಜ್ಞೆ ಕಳಿಸುವ ದಾರಿ, ನೆಟ್ಟಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು. ನಿಜವಾದ ಕಾರ್ಡುಗಳ ಮೇಲಲ್ಲ ಬಿಡಿ, ಅಷ್ಟು ತಲೆಕೆಟ್ಟವರು ಅಲ್ಲಿ ಯಾರೂ ಇರಲಿಲ್ಲ. ಅದಕ್ಕೆಂದೇ ಸ್ಯಾಂಡ್‌ಬಾಕ್ಸ್ ಎಂಬ ಸುಳ್ಳು ಬ್ಯಾಂಕೊಂದಿತ್ತು. ಮಕ್ಕಳು ಖಾಲಿ ಪಾತ್ರೆಯಲ್ಲಿ ಸೌಟು ಆಡಿಸಿ ಅಡುಗೆ ಆಯಿತು ಅನ್ನುವುದಿಲ್ಲವೇ, ಹಾಗೆ. ಅಲ್ಲಿ ಕಾರ್ಡೂ ಸುಳ್ಳು, ದುಡ್ಡೂ ಸುಳ್ಳು. ದಿನಕ್ಕೆ ಇಪ್ಪತ್ತು ಕಾರ್ಡು ಹುಟ್ಟಿಸಿ, ಇಪ್ಪತ್ತನ್ನೂ ಸಾಯಿಸಿ, ನೆಮ್ಮದಿಯಾಗಿ ಮನೆಗೆ ಹೋಗುವವಳು ಅವಳು.

ಮೆಸೇಜಿನ ವಿಷಯದಲ್ಲಿ ಮಾತ್ರ ಅವಳ ಅನುಮಾನ ಅತಿಯಾಯಿತು. ಕಾರ್ಡು ಬಂದ್ ಆದರೆ ಗಿರಾಕಿಯ ಫೋನಿಗೆ ಮೆಸೇಜು ಹೋಗಬೇಕು. ಹೋಯಿತು ಅಂತ ಪರದೆಯೇನೋ ಹೇಳುತ್ತಿತ್ತು, ಆದರೆ ಇವಳು ನಂಬಬೇಕಲ್ಲ. ಯಾರದಾದರೂ ಕೈಯಲ್ಲಿ ಫೋನು ಗುಂಯ್ ಅಂದರೆ ಮಾತ್ರ ಲೆಕ್ಕ. ಅವಳ ಫೋನೋ, ಆ ಮಹಡಿಯ ಕಾನೂನಿನಂತೆ, ಬಾಗಿಲ ಬಳಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಸಂಜೆಯವರೆಗೆ ಬೀಗದೊಳಗೆ. ಹಾಗಾಗಿ ಸುಳ್ಳು ಕಾರ್ಡುಗಳಿಗೆಲ್ಲ ಚಿಕ್ಕಮ್ಮನ ನಂಬರು ಹಾಕಿಬಿಟ್ಟಳು.

ಆರನೇ ವಯಸ್ಸಿನಿಂದ ಅವಳನ್ನು ಸಾಕಿದವರು ಚಿಕ್ಕಮ್ಮ. ಇಪ್ಪತ್ತೆರಡು ವರ್ಷ ಕಂಡವರ ಅಂಗಡಿಯಲ್ಲಿ ಕತ್ತು ಬಗ್ಗಿಸಿ ಹೊಲಿದವರು. ಹೋದ ತಿಂಗಳು ಆ ಕೆಲಸಕ್ಕೆ ಕೈಮುಗಿದು ಮನೆಗೆ ಬಂದಿದ್ದರು, ಬರುವ ಸೋಮವಾರ ಸ್ವಂತ ಅಂಗಡಿಗೆ ಮುಂಗಡ ಕೊಡುವುದಿತ್ತು. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದೆಲ್ಲ ಇದ್ದದ್ದು ಇದೇ ಬ್ಯಾಂಕಿನಲ್ಲಿ.

ಮೊದಲ ಸಲ ‘ನಿಮ್ಮ ಕಾರ್ಡು ಬಂದ್ ಆಗಿದೆ’ ಅಂತ ಬಂದಾಗ ಚಿಕ್ಕಮ್ಮ ಎದ್ದೆನೋ ಬಿದ್ದೆನೋ ಅಂತ ಬ್ಯಾಂಕಿಗೆ ಓಡಿದ್ದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಬ್ಯಾಂಕಿನ ಹೆಸರಲ್ಲಿ ಏನೇ ಬಂದರೂ ಅದು ನನ್ನ ಆಟ, ತಲೆ ಕೆಡಿಸಿಕೊಳ್ಳಬೇಡ ಅಂತ ಮನದಟ್ಟು ಮಾಡಿದಳು. ಆಮೇಲೆ ಅದೇ ರೂಢಿಯಾಯಿತು. ಮಧ್ಯಾಹ್ನ ಆಫೀಸಿನ ಫೋನಿನಿಂದ ಕರೆ ಹೋಗುವುದು, ಚಿಕ್ಕಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಏರಿಸಿ, ಕಾರ್ಡು ಚಾಲೂ ಮಾಡಲು ಮೆಸೇಜಿನಲ್ಲಿ ಬಂದ ಆರಂಕಿಯ ಒಟಿಪಿಯನ್ನು ಒಂದೊಂದಾಗಿ ಓದುವುದು. ಅವಳಿಗೆ ಪುರುಸೊತ್ತಿಲ್ಲದ ದಿನ ಪಕ್ಕದ ಮೇಜಿನವರು ಕರೆ ಮಾಡಿ ಕೇಳುತ್ತಿದ್ದರು. ಚಿಕ್ಕಮ್ಮನಿಗೆ ಹೆಮ್ಮೆಯೋ ಹೆಮ್ಮೆ, ದೊಡ್ಡ ಕಂಪನಿಯ ಕೆಲಸ ತನ್ನಿಂದಲೂ ನಡೆಯುತ್ತದಲ್ಲ ಅಂತ.

ಮನೆಯವರ ನಂಬರು ತೆಗೆದುಬಿಡು ಅಂತ ಮ್ಯಾನೇಜರು ಒಮ್ಮೆ ಹೇಳಿದ್ದೂ ಉಂಟು. ಸುಳ್ಳು ದುಡ್ಡಿಗೆ ಯಾವ ಕಳ್ಳ ಬರುತ್ತಾನೆ ಸಾರ್ ಅಂತ ಇವಳು ಬಾಯಿ ಮುಚ್ಚಿಸಿದಳು. ಅವರೂ ಸುಮ್ಮನಾದರು. ಪುಣ್ಯಾತ್ಮ, ಅವತ್ತೊಂದು ದಿನ ಗದರಿಸಿಯಾದರೂ ತೆಗೆಸಬಾರದಿತ್ತೇ!

ಆ ಗುರುವಾರ ಬೆಳಗ್ಗೆಯಿಂದಲೇ ಸ್ಯಾಂಡ್‌ಬಾಕ್ಸ್ ದುರಸ್ತಿಗೆಂದು ಬಂದ್ ಆಗಿತ್ತು. ಒಂದು ಕಾರ್ಡು ಹುಟ್ಟಲಿಲ್ಲ, ಒಂದು ಮೆಸೇಜು ಹೊರಡಲಿಲ್ಲ. ಉಳಿದವರು ಹರಟುತ್ತ ಕೂತರೆ ಅವಳಿಗೆ ಮಾತ್ರ ಯಾಕೋ ಕಸಿವಿಸಿ. ನಾಲ್ಕು ಗಂಟೆಗೇ ಎದ್ದು ಮನೆಗೆ ಬಂದಳು.

ಚಿಕ್ಕಮ್ಮ ಬಾಗಿಲಲ್ಲೇ ಬೆನ್ನು ಒತ್ತಿಕೊಳ್ಳುತ್ತ ನಿಂತಿದ್ದರು.

“ಏನೇ ಇವತ್ತು ನಿಮ್ಮ ಗಲಾಟೆ? ಒಂದು ಲಂಗ ಹೊಲಿಯೋಕೆ ಬಿಡಲಿಲ್ಲ. ಹದಿನಾಲ್ಕು ಮೆಸೇಜು.”

ಅವಳ ಕೈಯಲ್ಲಿದ್ದ ಚಪ್ಪಲಿ ಅಲ್ಲೇ ಜಾರಿತು.

“ಯಾರು ಫೋನ್ ಮಾಡಿದ್ದು?”

“ನಿಮ್ಮವರೇ. ಕಾರ್ಡಿನ ಆಫೀಸಿಂದ ಅಂದ್ರು. ಪಾಪ, ಬಹಳ ಮರ್ಯಾದಸ್ಥರು. ಮೂರು ಸಲ ನಂಬರ್ ಕೇಳಿದ್ರು, ಮೂರು ಸಲಾನೂ ತಪ್ಪಿಲ್ಲದೆ ಓದಿದೆ.”

ಅವಳು ಫೋನು ಕಿತ್ತುಕೊಂಡು ನೋಡಿದಳು. ಕಾರ್ಡನ್ನು ಹೊಸ ಫೋನಿಗೆ ಸೇರಿಸಲಾಗಿದೆ. ದಿನದ ಮಿತಿ ಏರಿಸಲಾಗಿದೆ. ಇದು ನೀವಲ್ಲದಿದ್ದರೆ ಕೂಡಲೇ ಕರೆ ಮಾಡಿ. ಒಂದೊಂದು ವಾಕ್ಯವೂ ಅವಳೇ ನೂರು ಸಲ ಪರೀಕ್ಷೆ ಮಾಡಿ ಸರಿಯಿದೆ ಅಂತ ಒಪ್ಪಿದ್ದು. ಕೊನೆಯ ನಾಲ್ಕು ಅಂಕಿ ಮಾತ್ರ ಸುಳ್ಳು ಕಾರ್ಡಿನದಲ್ಲ, ಚಿಕ್ಕಮ್ಮನ ಕಾರ್ಡಿನದು. ಅವುಗಳ ಕೆಳಗೆ ಖರೀದಿ, ಮತ್ತೆ ಖರೀದಿ, ಖಾತೆಯಲ್ಲಿ ಉಳಿದದ್ದು ನಲವತ್ತು ರೂಪಾಯಿ.

ಹೇಗೋ ಬ್ಯಾಂಕಿಗೆ ಫೋನ್ ಹಚ್ಚಿ ಕಾರ್ಡು ಬಂದ್ ಮಾಡಿಸಿದಳು. ಎರಡೇ ಸೆಕೆಂಡಿನಲ್ಲಿ ಬಂದ್ ಆಯಿತು. ಅವಳ ಕೆಲಸದಲ್ಲಿ ಎಂದೂ ಹುಳುಕಿರಲಿಲ್ಲ. ಚಿಕ್ಕಮ್ಮನ ಫೋನು ಗುಂಯ್ ಅಂದಿತು.

ಚಿಕ್ಕಮ್ಮ ಅವಳ ಮುಖ ನೋಡಿದರು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಇದು ನಿಂದೇ ಅಲ್ವೇನೇ?”

“ಅಲ್ಲ ಚಿಕ್ಕಮ್ಮ. ಇದು ನಿಜದ್ದು.”

“ಬೆಳಗಿನಿಂದ ಬಂದಿದ್ದು?”

“ಅವೂ.”

ಚಿಕ್ಕಮ್ಮ ನಿಧಾನವಾಗಿ ಸ್ಟೂಲಿನ ಮೇಲೆ ಕೂತರು. ಬೈದಿದ್ದರೆ, ಎರಡೇಟು ಹಾಕಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

“ನೀನೇ ಹೇಳಿದ್ದೆಯಲ್ಲ ಮಗಾ, ತಲೆ ಕೆಡಿಸಿಕೊಳ್ಳಬೇಡ ಅಂತ” ಅಂದರು ಅಷ್ಟೇ.