ಶಾಫ್ಟ್ ಹಾಕದ ಜೀಪು

ಹನ್ನೊಂದು ಇಂಚು. ಶಟರಿನ ಮೂಲೆಗೂ ನೆಲಕ್ಕೂ ನಡುವೆ ಆದ ಸಂದಿ ಅಷ್ಟೇ. ಮಾರನೆಯ ದಿನ ಟೇಪು ಹಿಡಿದು ನಾನೇ ಅಳೆದದ್ದು. ನಂಬದವರ ಜೊತೆ ವಾದ ಮಾಡುವುದಿಲ್ಲ. ಆ ಸಂದಿಯಲ್ಲಿ ತರಚಿಹೋದ ಮೊಣಕೈಯ ಗುರುತು ಈಗಲೂ ಇದೆ.

ಅಪ್ಪ ಓಡಿಸುತ್ತಿದ್ದ ಜೀಪು ಅದು. ಅವರು ತೀರಿಕೊಂಡ ಮೇಲೆ ಎರಡು ವರ್ಷ ಸಿಂಗಟಗೆರೆಯ ತೋಟದಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಪೆಟ್ರೋಲ್ ಎಂಜಿನ್ ಪೂರ್ತಿ ಕೆಟ್ಟಿತ್ತು, ಬಾಡಿ ಗಟ್ಟಿಯಿತ್ತು. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಅಜ್ಜಂಪುರದಿಂದ ಶಿವನಿ ಊರಿಗೆ ಹೋಗುವ ರಸ್ತೆಯಲ್ಲಿ ರುದ್ರಣ್ಣ ಎಂಬ ಹಳೆಯ ಮೆಕ್ಯಾನಿಕ್ ಇದ್ದಾರೆ. ಅವರು ಒಂದು ಪಿಕಪ್ ವ್ಯಾನಿನ ಡೀಸೆಲ್ ಎಂಜಿನ್ ತಂದು, ಬಿಚ್ಚಿ, ಹೊಸ ಪಿಸ್ಟನ್ ರಿಂಗ್ ಹಾಕಿ ನಮ್ಮ ಜೀಪಿಗೆ ಕೂರಿಸಿದರು.

"ಯಾರ ಗಾಡೀದು?" ಎಂದು ಕೇಳಿದ್ದೆ.

"ಓಡಿಸ್ತಿದ್ದೋನು ಈಗಿಲ್ಲ. ಎಂಜಿನ್‌ಗೇನ್ ಗೊತ್ತಾಯ್ತದವ್ವ, ಡೀಸೆಲ್ ಯಾರ್ ಹಾಕ್ತಾರೋ ಅವರ್ದೇ ಅದು," ಎಂದು ನಕ್ಕಿದ್ದರು.

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲ ದಿನ ಮೂರು ಗಂಟೆ ನಿಂತಲ್ಲೇ ಓಡಿಸಬೇಕು, ನಡುವೆ ನಿಲ್ಲಿಸಬಾರದು, ಪಕ್ಕದಲ್ಲಿ ಕೂತು ಸದ್ದು ಕೇಳುತ್ತಿರಬೇಕು. ಇದು ರುದ್ರಣ್ಣನ ಕ್ರಮ. ಇಷ್ಟಕ್ಕೆ ಶಾಫ್ಟ್ ಬೇಕಿಲ್ಲ. ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಮುಟ್ಟಿಸುವ ಆ ಉಕ್ಕಿನ ಶಾಫ್ಟ್‌ಗಳೆರಡೂ ಇನ್ನೂ ಬೆಂಚಿನ ಮೇಲಿದ್ದವು.

ಸಂಜೆ ಆರಕ್ಕೆ ಸ್ಟಾರ್ಟ್ ಮಾಡಿದರು. ಏಳರ ಹೊತ್ತಿಗೆ ತಲೆ ಚಚ್ಚಿಕೊಂಡರು.

"ಸ್ಟಾಪ್ ಕೇಬಲ್ ತರೋದೇ ಮರ್ತ್ಬಿಟ್ಟೆ ಕಣವ್ವ. ಇದು ಕೀ ತಿರುಗಿಸಿದ್ರೆ ನಿಲ್ಲೋ ಗಿರಾಕಿ ಅಲ್ಲ, ಆ ಕೇಬಲ್ ಎಳೆದು ಡೀಸೆಲ್ ಕಟ್ ಮಾಡ್ಬೇಕು. ಅಂಗಡಿ ಮುಚ್ಚೋಕ್ ಮುಂಚೆ ಅಜ್ಜಂಪುರಕ್ಕೆ ಹೋಗ್ಬತ್ತೀನಿ. ನೀನು ಸೌಂಡ್ ಕೇಳ್ತಾ ಕೂತಿರು."

ಶೆಡ್ಡಿನ ಶಟರಿನ ಸ್ಪ್ರಿಂಗ್ ಮುರಿದಿತ್ತು. ಒಂದು ಕಬ್ಬಿಣದ ಸಲಾಕೆ ಆನಿಸಿ ಅದನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಅವರು ಹೊರಟು ಬಹಳ ಹೊತ್ತಾದ ಮೇಲೆ ನೆನಪಾಯಿತು: ಗ್ರೀಸ್ ಆಗಬಾರದೆಂದು ನನ್ನ ಬ್ಯಾಗನ್ನು ಅವರ ಬೈಕಿನ ಹ್ಯಾಂಡಲ್‌ಗೆ ತೂಗುಹಾಕಿದ್ದೆ. ಫೋನು ಅದರಲ್ಲೇ ಇತ್ತು.

ಕರೆಂಟು ಹೋಯಿತು. ಅದರ ಬೆನ್ನಿಗೇ ಎಂಜಿನ್ನಿನ ಸದ್ದಿನಲ್ಲಿ ಏನೋ ತಪ್ಪಿತು... ಗಂಟಲು ಸರಿಮಾಡಿಕೊಂಡ ಹಾಗೆ, ಒಂದೇ ಸಲ. ಇಡೀ ಶೆಡ್ಡು ನಡುಗಿತು. ಸಲಾಕೆ ಜಾರಿ, ಶಟರು ಧಡ್ಡೆಂದು ನೆಲಕ್ಕೆ ಬಿತ್ತು.

ಎತ್ತಲು ನೋಡಿದೆ. ಅಲುಗಲಿಲ್ಲ.

ಹೊಗೆ ಹೊರಗೆ ಹೋಗಲು ಬೇರೆ ದಾರಿಯಿರಲಿಲ್ಲ. ಕಣ್ಣು ಉರಿಯತೊಡಗಿತು, ಬಾಯಲ್ಲಿ ಸುಟ್ಟ ಎಣ್ಣೆಯ ರುಚಿ. ಕೂಗಿದೆ. ಹೊರಗೆ ರೈಲೊಂದು ಹಾಯುತ್ತಿತ್ತು. ಅದು ಹೋದ ಮೇಲೂ ಯಾರೂ ಬರಲಿಲ್ಲ.

ತಡಕಾಡಿ, ಟ್ಯಾಂಕಿನ ಬದಲಿಗೆ ಇಟ್ಟಿದ್ದ ಡೀಸೆಲ್ ಕ್ಯಾನಿನಿಂದ ಪೈಪನ್ನು ಕಿತ್ತೆ. ಪೈಪು, ಫಿಲ್ಟರುಗಳಲ್ಲಿ ಉಳಿದದ್ದಕ್ಕೆ ಎರಡು ನಿಮಿಷ ಓಡಬಹುದು ಎಂದುಕೊಂಡೆ. ಸೆಕೆಂಡುಗಳನ್ನು ಎಣಿಸುತ್ತ ಹೋದೆ. ಆರುನೂರು ದಾಟಿತು. ಅದೇ ಸದ್ದು, ಅದೇ ಲಯ...

ತಲೆ ಸುತ್ತುತ್ತಿತ್ತು. ಶಟರನ್ನು ಮೀಟಲು ಏನಾದರೂ ಬೇಕಿತ್ತು. ಬೆಂಚು ಸವರಿದೆ. ಎರಡು ಶಾಫ್ಟ್‌ಗಳೂ ಸಿಕ್ಕವು. ಚಿಕ್ಕದನ್ನು ಎತ್ತಿಕೊಂಡು ಬಂದು ಶಟರಿನ ಅಂಚಿಗೆ ಕೊಡುತ್ತಿದ್ದೆ.

ಬೆನ್ನ ಹಿಂದೆ ಗೇರ್ ಬಿದ್ದ ಸದ್ದಾಯಿತು.

ಆ ಸದ್ದು ನನಗೆ ಬಾಲ್ಯದಿಂದ ಗೊತ್ತು. ತಿರುಗುವಷ್ಟರಲ್ಲಿ ರೇಡಿಯೇಟರಿನ ಬಿಸಿ ಮುಖಕ್ಕೆ ಬಡಿಯಿತು. ಜೀಪು ನನ್ನತ್ತ ಬರುತ್ತಿತ್ತು. ಅವಸರವಿಲ್ಲದೆ ಬರುತ್ತಿತ್ತು. ಅದನ್ನು ಓಡಿಸಬೇಕಾದ ಶಾಫ್ಟ್ ನನ್ನ ಕೈಯಲ್ಲಿತ್ತು.

ಪಕ್ಕಕ್ಕೆ ಬಿದ್ದೆ. ಬಂಪರ್ ಶಟರನ್ನು ಒತ್ತಿತು. ತಗಡು ನರಳುತ್ತ ಹೊರಕ್ಕೆ ಉಬ್ಬಿತು, ಒಂದು ಮೂಲೆ ಮೇಲೆದ್ದಿತು, ತಣ್ಣನೆಯ ಗಾಳಿ ಬಂತು. ಆ ಸಂದಿಯಲ್ಲಿ ತೆವಳಿ ಹೊರಬಂದೆ. ಕಾಲು ಆಚೆ ಎಳೆದುಕೊಂಡ ಮೇಲೆ ಎಂಜಿನ್ ತಾನಾಗಿ ನಿಂತಿತು.

ರುದ್ರಣ್ಣ ಬಂದಾಗ ರಸ್ತೆಯ ಅಂಚಿನಲ್ಲಿ ಕೂತಿದ್ದೆ.

"ಹ್ಯಾಂಡ್‌ಬ್ರೇಕ್ ಬಿಟ್ಟಿದ್ಯೇನವ್ವ?"

"ಇಲ್ಲ."

"ಮತ್ತೆ ಯಾರ್ ತಳ್ಳಿದ್ರು?"

"ತಾನೇ ಬಂತು."

"ಚೆನ್ನಾಗ್ ಹೇಳ್ತೀಯ. ಓದಿರೋಳು ನೀನು." ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರು. ಬೆಂಚಿನ ಮೇಲೊಂದು ಶಾಫ್ಟ್, ನೆಲದ ಮೇಲೊಂದು. ಟಾರ್ಚ್ ಬಹಳ ಹೊತ್ತು ಅಲ್ಲೇ ನಿಂತಿತು. ಕೊನೆಗೆ, "ನಡಿ, ಅಜ್ಜಂಪುರದ ನಿಮ್ಮತ್ತೆ ಮನೇಗೆ ಬಿಡ್ತೀನಿ," ಎಂದರು.

ಬೈಕಿನ ಹಿಂದೆ ಕೂತೆ. ಅಜ್ಜಂಪುರ ಮುಟ್ಟುವವರೆಗೂ ಅವರು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಬೆಳಿಗ್ಗೆ ಟೇಪು ತೆಗೆದುಕೊಂಡು ಶೆಡ್ಡಿಗೆ ಹೋದೆ. ಸಂದಿಯನ್ನು ಅಳೆದೆ. ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದು ನೋಡಿದೆ. ಅದು ಶಟರಿನ ಕಡೆ ಹರಿಯಲಿಲ್ಲ, ಒಳಕ್ಕೆ ಹರಿಯಿತು. ಇಳಿಜಾರಿಗೆ ಜಾರಿ ಬಂತು ಎನ್ನುವ ಮಾತೂ ಅಲ್ಲಿಗೆ ಮುಗಿಯಿತು.

"ಎಂಜಿನ್ ಇಳ್ಸಿಬಿಡ್ಲಾ?" ರುದ್ರಣ್ಣ ಮೆಲ್ಲಗೆ ಕೇಳಿದರು.

ಬಾಡಿ ನಮ್ಮಪ್ಪನದು, ಎಂಜಿನ್ ಯಾರದೋ. ಆ ಕತ್ತಲಲ್ಲಿ ಜೀಪು ನನ್ನನ್ನು ಬಿಡಿಸಲು ಬಂತೋ, ನನ್ನ ಮೇಲೆ ಬಂತೋ ನನಗೆ ತಿಳಿಯದು. ಪಕ್ಕಕ್ಕೆ ಬೀಳದಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ತಿಳಿದಿದೆ.

"ಮೊದಲು ಕೇಬಲ್ ಹಾಕಿ," ಎಂದೆ.

ಹಾಕಿದರು. ನಾನು ಜೀಪು ಹತ್ತಿ, ಡ್ರೈವರ್ ಸೀಟು ಖಾಲಿ ಬಿಟ್ಟು ಎಡಗಡೆಯ ಸೀಟಿನಲ್ಲಿ ಕೂತು, ಸ್ಟಾಪ್ ಕೇಬಲಿನ ಹಿಡಿಯನ್ನು ಪೂರ್ತಿ ಎಳೆದು ಹಿಡಿದೆ. ಅದನ್ನು ಎಳೆದಿರುವಷ್ಟು ಹೊತ್ತು ಎಂಜಿನ್ ಸ್ಟಾರ್ಟ್ ಆಗಬಾರದು.

"ಬಿಡವ್ವ, ಸ್ಟಾರ್ಟ್ ಮಾಡಾನ," ಎಂದರು.

ಬಿಡಲಿಲ್ಲ.