ಕೆರೆಗೆ ತುಂಬಿದ ಉಡಿ

ಟಿಳಕವಾಡಿಯ ನನ್ನ ಅಂಗಡಿಗೆ ಗಾಳ ಒಯ್ಯಲು ಬರುತ್ತಿದ್ದ ಬೀಡಿ ಊರಿನ ಲಗಮಪ್ಪನಿಗೆ ಊರ ಕೆರೆಯ ಮೀನೇ ಹೊಟ್ಟೆಪಾಡು. ಮೊಳದುದ್ದದ ಮೀನು ಸಿಗುತ್ತಿದ್ದರೂ ಸಾಲದೆ, ಎಪ್ಪತ್ನಾಲ್ಕನೇ ಇಸವಿಯಲ್ಲಿ ಎಲ್ಲಿಂದಲೋ ಒಂದು ಕೊಡ ಜಿಲೇಬಿ ಮೀನಿನ ಮರಿ ತಂದು ಬಿಟ್ಟ. ಬಸುರಿಗೆ ತುಂಬಿದಂತೆ ಕೆರೆಗೆ ಉಡಿ ತುಂಬಿ, "ಹಡಿ ತಾಯಿ" ಅಂದ.

ಅವು ಹಡೆದದ್ದೇ ಹಡೆದದ್ದು. ಹಳೆಯ ಮೀನುಗಳ ಮೊಟ್ಟೆ ತಿಂದು ಮುಗಿಸಿದವು. ತಾವೂ ಇಕ್ಕಟ್ಟಿನಲ್ಲಿ ಬೆಳೆಯದೆ ಬೆರಳುದ್ದಕ್ಕೇ ನಿಂತವು. ವರ್ಷ ವರ್ಷ ಅವನು ಕೇಳುವ ಗಾಳ ಸಣ್ಣದಾಗುತ್ತ ಬಂತು.

ಎಂಬತ್ತೈದರಲ್ಲಿ ಬಂದು, "ಇನ್ನೂ ಸಣ್ಣದು ಕೊಡ್ರಿ ಸಾವ್ಕಾರ್ರ" ಅಂದ.

"ಇದಕ್ಕಿಂತ ಸಣ್ಣದ್ರಾಗ ಸೊಳ್ಳಿ ಹಿಡಿಬೇಕೋ ಲಗಮಪ್ಪಾ! ಇನ್ನೊಂದು ಸಲ ಉಡಿ ತುಂಬು."

ಅವನು ನಗಲಿಲ್ಲ. "ಏನಂತ ಬೇಡ್ಲಿರೀ? ಬೇಡಿದ್ದನ್ನ ಕೊಟ್ಟಾಳಲ್ರಿ ಆಕಿ."

ಗಾಳ ಒಯ್ಯದೆ ಹೋದವನು ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.