ಒಂದೇ ಸಾಲಿನಲ್ಲಿ ಬರೆದ ಎರಡು ಬೇರು

ಮಾಗಳಿ ಬೇರನ್ನೂ ನಾಮದ ಬೇರನ್ನೂ ಒಂದೇ ಸಾಲಿನಲ್ಲಿ ಬರೆದವನು ನಾನು.

ಎಪ್ಪತ್ತರ ದಶಕದ ಕೊನೆ. ಕುರಿ ಮೇಯಿಸುವುದನ್ನು ಬಿಟ್ಟು ತಡವಾಗಿ ಶಾಲೆ ಸೇರಿದ್ದ ನಾನು ಇಪ್ಪತ್ತೇಳನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಬೆಟ್ಟದಲ್ಲಿ ಏನೇನು ಸಿಗುತ್ತದೆ ಎಂದು ಪಟ್ಟಿ ಮಾಡಲು ಮಧುಗಿರಿಯ ಅರಣ್ಯ ಇಲಾಖೆಯಿಂದ ಒಬ್ಬರು ಬಂದರು. ನಮ್ಮ ಜಗಲಿಯ ಮೇಲೆ ಕೂತು, ಅಕ್ಷರ ಬಲ್ಲವನೆಂದು ಫಾರಂ ನನ್ನ ಕೈಗೇ ಕೊಟ್ಟರು.

"ವಾಸನೆ ಬೇರು ಯಾವ್ಯಾವು ಸಿಗ್ತವೆ?" ಎಂದರು.

ಅವ್ವ ಒಳಗಿನಿಂದಲೇ ಹೇಳಿದಳು: "ಎಲ್ಡವೆ ಸ್ವಾಮಿ. ನಾಮದ ಬೇರು ಹೊಲದ ಬದಿನ್ ಮೇಲೆಲ್ಲಾ ಐತೆ. ಮಾಗಳಿ ಬೆಟ್ಟದಾಗೆ ಅಲ್ಲೊಂದು ಇಲ್ಲೊಂದು. ಲೇ, ಬೇರೆ ಬೇರೆ ಬರಿ ಕಣ್ಲಾ."

"ವಾಸ್ನೆ ಒಂದೇ ಅಲ್ವೇನವ್ವಾ, ಸುಮ್ಕಿರು."

ವಾಸನೆ ಬೇರಿಗೆಂದು ಫಾರಂನಲ್ಲಿದ್ದುದು ಒಂದೇ ಸಾಲು. ‘ಎರಡೂ ಧಾರಾಳವಾಗಿ ದೊರೆಯುತ್ತವೆ’ ಎಂದು ದುಂಡಗೆ ಬರೆದೆ. ಬಂದವರು ನನ್ನ ಅಕ್ಷರವನ್ನು ಹೊಗಳಿದರು.

ಮೂಗಿಗೆ ಎರಡೂ ಒಂದೇ, ನಿಜ. ಆದರೆ ನಾಮದ ಬೇರು ಹುರಿಯಷ್ಟು ಸಣ್ಣ. ಎಲೆಯ ನಡುವೆ ಬಿಳಿ ಗೆರೆ; ಹೂ ಪುಟ್ಟದು, ಹೊರಗೆ ಹಸಿರು, ಒಳಗೆ ನೇರಳೆ. ಕಿತ್ತಾಗ ಒಂದು ತುಂಡು ಉಳಿದರೂ ಚಿಗುರುತ್ತದೆ. ಮಾಗಳಿ ಬೆಳೆಯುವುದು ಬಂಡೆಯ ಸಂದಿಯಲ್ಲಿ, ನಿಧಾನವಾಗಿ. ಹೂ ಬೆಳ್ಳಗೆ, ಬೇರು ಹೆಬ್ಬೆರಳಿನ ದಪ್ಪ. ಉಪ್ಪಿನಕಾಯಿಗೆ ಅದೇ ಆಗಬೇಕು. ಅವ್ವ ವರ್ಷಕ್ಕೊಮ್ಮೆ ಒಂದು ಬಳ್ಳಿಯಿಂದ ಪಕ್ಕದ ಎರಡು ಬೇರು ಮಾತ್ರ ಕುಯ್ದು, ಬುಡ ಅಲುಗದಂತೆ ಮಣ್ಣು ಮುಚ್ಚಿ, ಒಂದು ಚೊಂಬು ನೀರು ಹಾಕಿ ಬರುತ್ತಿದ್ದಳು. ಅವಳ ಅತ್ತೆ ಕುಯ್ಯುತ್ತಿದ್ದುದೂ ಅದೇ ಬಳ್ಳಿಯಿಂದಲಂತೆ.

ಮರುವರ್ಷ ಆ ಪಟ್ಟಿ ನೋಡಿ ಬೆಟ್ಟದ ಬೇರನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರ ಹಾರೆ ಹಿಡಿದ ಆಳುಗಳೊಂದಿಗೆ ಬಂದ. ನಾಮದ ಬೇರನ್ನು ಮುಟ್ಟಲಿಲ್ಲ. ತೂಕ ಬರುವ ಮಾಗಳಿಯನ್ನು ಬುಡಸಮೇತ ಕಿತ್ತರು. ಅವ್ವ ಅಡ್ಡ ಹೋದಳು, ಅವಳ ಹಿಂದೆ ನಾನು.

"ಬುಡ ಒಂದು ಬುಟ್ಬುಡ್ರಪ್ಪಾ, ನಿಮ್ ದಮ್ಮಯ್ಯ."

ಗುತ್ತಿಗೆದಾರ ಜೇಬಿನಿಂದ ಪಟ್ಟಿಯ ನಕಲು ತೆಗೆದು ನಕ್ಕ. "ಧಾರಾಳ ಐತೆ ಅಂತ ನಿಮ್ಮೂರೋರೇ ಬರ್ಕೊಟ್ಟವ್ರೆ ಕಣಮ್ಮ."

ಓದಲು ಬಾರದ ಅವ್ವ ಆ ಕಾಗದವನ್ನು ನನ್ನ ಮುಂದೆ ಹಿಡಿದಳು. "ಏನ್ ಬರ್ದಿದ್ದೆ, ಓದ್ಲಾ."

ಆಳುಗಳ ಎದುರಿಗೇ ಓದಿದೆ. ಅವರಲ್ಲೊಬ್ಬ, "ಮಗ ಚೆನ್ನಾಗ್ ಓದ್ತಾನೆ ಬುಡಮ್ಮೋ" ಎಂದ.

ಇಪ್ಪತ್ತು ವರ್ಷ ಕಳೆದ ಮೇಲೆ ಮಧುಗಿರಿಯ ಕಚೇರಿಯೊಂದರ ಗೋಡೆಗೆ ಗಿಡಬಳ್ಳಿಗಳ ಹಾಳೆ ಅಂಟಿಸಿದ್ದರು. ಮಾಗಳಿ ಅಳಿದುಹೋಗುವ ಸಾಲಿನಲ್ಲಿತ್ತು, ನಾಮದ ಬೇರು ಭಯವಿಲ್ಲದ ಸಾಲಿನಲ್ಲಿ. ಮನೆಗೆ ಬಂದು ಅವ್ವನಿಗೆ ಹೇಳಿದೆ.

"ಈಗ ಬೇರೆ ಬೇರೆ ಬರ್ದವ್ರಾ?"

"ಹೂಂ ಕಣವ್ವಾ."

ಅವಳು ಮೊದಲು ಮಾಗಳಿ ಉಪ್ಪಿನಕಾಯಿ ಹಾಕುತ್ತಿದ್ದ ಜಾಡಿಗೆ ನಿಂಬೆಕಾಯಿ ಹೋಳು ತುಂಬುತ್ತಿದ್ದಳು.